‘ಕೆಲಸವಿಲ್ಲದವಳು’, ‘ಆರೈಕೆ’, ‘ಬಿಟ್ಟಿ’: ಸಿನಿಮಾ ಬರಹಕ್ಕೆ ಯಾವ ಪದ ಹೊಂದುತ್ತದೆ?

ಮಾನ್ಯರೇ,

ಹೆಣ್ಣಿನ ದುಡಿಮೆಯ ಸುತ್ತ ಹೆಣೆದ ಕೆಲವು ಚಲನಚಿತ್ರಗಳಿಗೆ ಕನ್ನಡದಲ್ಲಿ ಸಬ್‌ಟೈಟಲ್ ಮತ್ತು ಪರಿಚಯ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಮೂರು ಕಡೆ ತಡವರಿಸುತ್ತಿದ್ದೇನೆ: ನಿರುದ್ಯೋಗ, ಆರೈಕೆ, ಮತ್ತು ಕೂಲಿ ಇಲ್ಲದೆ ಮಾಡುವ ಕೆಲಸಕ್ಕೆ ಒಂದು ಹೆಸರು. ನಿಘಂಟಿನಲ್ಲಿ ಪದಗಳಿಗೆ ಬರವಿಲ್ಲ. ಆದರೆ ತೆರೆಯ ಮೇಲೆ ಒಬ್ಬಳು ಕೈಯಾಡಿಸುತ್ತಿರುವಾಗ ಅವುಗಳಲ್ಲಿ ಹೆಚ್ಚಿನವು ಅಲ್ಲಿ ನಿಲ್ಲುವುದಿಲ್ಲ. ನನ್ನ ಒಲವು ಯಾವ ಕಡೆಗೆ ಎಂಬುದನ್ನೂ ಹೇಳಿಬಿಡುತ್ತೇನೆ, ಒಪ್ಪದವರು ವಾದಿಸಲಿ.

ಮೊದಲು ‘ಕೆಲಸ’. ‘ಕೆಲಸದಲ್ಲಿದ್ದಾಳೆ’ ಎಂದರೆ ಅವಳಿಗೊಂದು ಹುದ್ದೆ ಇದೆ. ‘ಕೆಲಸದವಳು’ ಎಂದೊಡನೆ ಬೇರೆಯವರ ಮನೆಯ ಪಾತ್ರೆ ತೊಳೆಯುವವಳು. ‘ಕೆಲಸ ಮಾಡುತ್ತಿದ್ದಾಳೆ’ ಎಂದರೆ ಈಗ ಮಾತನಾಡಲು ಪುರುಸೊತ್ತಿಲ್ಲ ಎಂದಷ್ಟೇ. ಹೀಗಾಗಿ ‘ಬೆಳಗಿನಿಂದ ಕೆಲಸವೇ ಮುಗಿದಿಲ್ಲ’ ಎನ್ನುವವಳೇ ‘ನನಗೆ ಕೆಲಸವಿಲ್ಲ, ಮನೆಯಲ್ಲೇ ಇದ್ದೇನೆ’ ಎಂದೂ ಹೇಳಬಲ್ಲಳು, ಎರಡೂ ಸುಳ್ಳಲ್ಲ. ಇನ್ನು ‘ನಿರುದ್ಯೋಗಿ’. ಪದಕ್ಕೆ ಲಿಂಗವಿಲ್ಲದಿದ್ದರೂ ಕೇಳಿದವರ ಕಣ್ಣ ಮುಂದೆ ಬರುವುದು ಅರ್ಜಿ ಹಿಡಿದು ನಿಂತ ಯುವಕ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಲ್ಲಿಯೂ ನಿರುದ್ಯೋಗಿ ಎನಿಸಿಕೊಳ್ಳಲು ಉದ್ಯೋಗ ಇಲ್ಲದಿದ್ದರಷ್ಟೇ ಸಾಲದು. ಹುಡುಕುತ್ತಿರಬೇಕು, ಸಿಕ್ಕರೆ ಸೇರಲು ಸಿದ್ಧವಿರಬೇಕು. ಮಗುವನ್ನೋ ಹಾಸಿಗೆ ಹಿಡಿದವರನ್ನೋ ಬಿಟ್ಟು ಹೋಗಲಾಗದೆ ಹುಡುಕುವುದನ್ನೇ ನಿಲ್ಲಿಸಿದವಳು ಆ ಪಟ್ಟಿಗೆ ಸೇರುವುದಿಲ್ಲ. ಕಾರ್ಮಿಕ ಅಂಕಿಅಂಶ ತಜ್ಞರ 19ನೇ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ಕೆಲಸವೇ ಬೇರೆ, ಉದ್ಯೋಗವೇ ಬೇರೆ ಎಂದು ಗೆರೆ ಎಳೆಯಿತು: ಸಂಬಳವಿಲ್ಲದೆ ಸ್ವಂತ ಮನೆಗಾಗಿ ಮಾಡುವುದು ಉದ್ಯೋಗವಲ್ಲ, ಆದರೆ ಕೆಲಸ ಹೌದು. ಕನ್ನಡದಲ್ಲಿ ಆ ಗೆರೆಯನ್ನು ಉಳಿಸಿಕೊಳ್ಳುವುದು ಕಷ್ಟವೇನಲ್ಲ. ‘ನಿರುದ್ಯೋಗಿ’ಯನ್ನು ಉದ್ಯೋಗ ಹುಡುಕುವವರಿಗೆ ಮೀಸಲಿಡೋಣ, ಗೃಹಿಣಿಯನ್ನು ‘ಕೆಲಸವಿಲ್ಲದವಳು’ ಎಂದು ಎಲ್ಲಿಯೂ ಬರೆಯದಿರೋಣ. ‘ದುಡಿಯುವ ಮಹಿಳೆ’ ಎಂಬ ಪತ್ರಿಕಾಪ್ರಯೋಗದ ಮೇಲೂ ನನಗೆ ಸಿಟ್ಟಿದೆ. ಉಳಿದವರು ಏನು ಮಾಡುತ್ತಾರಂತೆ? ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್ಸ್‌ಚೈಲ್ಡ್ 1989ರಲ್ಲಿ ಹೆಸರಿಟ್ಟ, ಹೊರಗಿನ ದುಡಿಮೆ ಮುಗಿದ ಮೇಲೆ ಮನೆಯಲ್ಲಿ ಶುರುವಾಗುವ ‘ಎರಡನೇ ಪಾಳಿ’ಗೆ ಆ ಪ್ರಯೋಗದಲ್ಲಿ ಜಾಗವೇ ಇಲ್ಲ.

ಷಾಂಟಾಲ್ ಅಕರ್ಮನ್ ಅವರ 1975ರ ‘ಜೀನ್ ಡೀಲ್ಮನ್’ ಚಿತ್ರದಲ್ಲಿ ಈ ತೊಡಕು ಕಣ್ಣಿಗೆ ಕಟ್ಟುತ್ತದೆ. ಸೈಟ್ ಅಂಡ್ ಸೌಂಡ್ ಪತ್ರಿಕೆಯ 2022ರ ಸಮೀಕ್ಷೆಯಲ್ಲಿ ವಿಮರ್ಶಕರು ಮೊದಲ ಸ್ಥಾನ ಕೊಟ್ಟ ಚಿತ್ರ ಇದು. ಒಬ್ಬ ವಿಧವೆ, ಹದಿಹರೆಯದ ಮಗ, ಮೂರು ದಿನ, ಮೂರು ಗಂಟೆಗೂ ಮಿಕ್ಕಿದ ಅವಧಿ. ಹಾಸಿಗೆ ಮಡಚುವುದು, ಬೂಟು ಉಜ್ಜುವುದು, ಆಲೂಗಡ್ಡೆಯ ಸಿಪ್ಪೆ ಹೆರೆಯುವುದು, ಎಲ್ಲವನ್ನೂ ಕ್ಯಾಮೆರಾ ಕದಲದೆ ನೋಡುತ್ತದೆ. ಸಂಗಕ್ಕಾಗಿ ಮಧ್ಯಾಹ್ನ ಮನೆಗೆ ಬರುವ ಗಂಡಸು ಕೊಟ್ಟ ಹಣವನ್ನು ಅವಳು ಊಟದ ಮೇಜಿನ ಮೇಲಿರುವ ಮುಚ್ಚಳದ ಪಾತ್ರೆಯಲ್ಲಿ ಹಾಕಿಡುತ್ತಾಳೆ. ದಿನದಲ್ಲಿ ಕಾಸು ಹುಟ್ಟುವ ಆ ಒಂದು ಕೆಲಸವೂ ಉಳಿದ ಕೆಲಸಗಳ ಸಾಲಿನಲ್ಲಿಯೇ ನಿಂತಿದೆ, ಚಿತ್ರ ಅದಕ್ಕೆ ಬೇರೆ ದನಿ ಕೊಡುವುದಿಲ್ಲ. ಎರಡನೇ ದಿನ ಆಲೂಗಡ್ಡೆ ಬೆಂದು ಕೆಡುತ್ತದೆ. ಪಾತ್ರೆ ಹಿಡಿದುಕೊಂಡು ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ಮನೆಯೊಳಗೆ ಓಡಾಡುತ್ತಾಳೆ. ಮೂರನೇ ದಿನ ದಿನಚರಿ ಹಳಿ ತಪ್ಪಿ, ಹೊತ್ತು ಮಿಕ್ಕಿ, ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಾಳೆ. ಟಿಪ್ಪಣಿಯಲ್ಲಿ ಈ ಕೂರುವಿಕೆಗೆ ಏನು ಬರೆಯಲಿ? ‘ಬಿಡುವು’ ಎಂದರೆ ಸುಖದ ಸುಳಿವು ಬಂದುಬಿಡುತ್ತದೆ. ‘ವಿರಾಮ’ ಎಂದರೆ ಮತ್ತೆ ಶುರುವಾಗುವ ಭರವಸೆ ಇರುತ್ತದೆ. ‘ಕೈ ಖಾಲಿ’ ಎಂದರೆ ದುಡ್ಡಿಲ್ಲ ಎಂದಾಗುತ್ತದೆ. ಅವಳ ಮುಖದಲ್ಲಿ ಇರುವುದು ದಿಗಿಲು. ಸದ್ಯಕ್ಕೆ ‘ಕೈಗೆ ಕೆಲಸವಿಲ್ಲದೆ ಕುಳಿತಿದ್ದಾಳೆ’ ಎಂದು ಬರೆದಿದ್ದೇನೆ. ಉದ್ಯೋಗವೇ ಇಲ್ಲದವಳಿಗೂ ಒಂದು ನಿರುದ್ಯೋಗ ಉಂಟು ಎಂದು ಸೂಚಿಸಲು ಇದಕ್ಕಿಂತ ಬಿಗಿಯಾದ ನುಡಿಗಟ್ಟು ಸಿಕ್ಕಿದರೆ ಬದಲಿಸುತ್ತೇನೆ.

‘ಕೆಲಸ ಹೋಯಿತು’ ಎಂಬ ನಮ್ಮ ನುಡಿ ಇನ್ನೂ ಕುತೂಹಲಕರ. ಕೆಲಸ ತಾನೇ ಎದ್ದು ನಡೆದಂತೆ! ತೆಗೆದವರು ಯಾರು ಎಂಬ ಪ್ರಶ್ನೆಯೇ ವಾಕ್ಯದಲ್ಲಿ ಏಳುವುದಿಲ್ಲ. ದಾರ್ದೆನ್ ಸಹೋದರರ 2014ರ ‘ಟು ಡೇಸ್, ಒನ್ ನೈಟ್’ ಚಿತ್ರಕ್ಕೆ ಇದು ಎಷ್ಟು ಹೊಂದುತ್ತದೆಯೋ ಅಷ್ಟೇ ಅಪಾಯಕಾರಿ. ಖಿನ್ನತೆಯಿಂದ ರಜೆಯಲ್ಲಿದ್ದ ಸಾಂಡ್ರಾಳನ್ನು ಉಳಿಸಿಕೊಳ್ಳಬೇಕೋ, ತಲಾ ಸಾವಿರ ಯೂರೋ ಬೋನಸ್ ಬೇಕೋ ಎಂದು ಆಡಳಿತವು ಸಹೋದ್ಯೋಗಿಗಳ ಕೈಯಲ್ಲೇ ಮತ ಹಾಕಿಸುತ್ತದೆ. ತೆಗೆದವರು ಯಾರೂ ಅಲ್ಲ ಎಂಬಂತೆ ಎಲ್ಲ ನಡೆಯುತ್ತದೆ. ಆಡಳಿತದವರ ಬಾಯಲ್ಲಿ ‘ಕೆಲಸ ಹೋಗುತ್ತದೆ’ ಎಂದೇ ಬರಲಿ, ಆದರೆ ಟಿಪ್ಪಣಿಯಲ್ಲಿ ನಾನು ‘ಕೆಲಸದಿಂದ ತೆಗೆದರು’ ಎಂದು ಕರ್ತೃವನ್ನು ಇಟ್ಟೇ ಬರೆಯುತ್ತೇನೆ.

ಈಗ ಆರೈಕೆ. ಇಲ್ಲಿ ಕನ್ನಡ ಬಹಳ ಶ್ರೀಮಂತ, ತೊಂದರೆ ಹುಟ್ಟುವುದೂ ಅದರಿಂದಲೇ. ‘ಶುಶ್ರೂಷೆ’ಯ ಮೂಲದಲ್ಲಿ ಕೇಳುವ ಇಚ್ಛೆ, ಅಂದರೆ ಹೇಳಿದ ಮಾತು ಕೇಳಿಕೊಂಡಿರುವುದು, ಅಡಗಿದೆ. ಇಂದು ಅದು ರೋಗಿಯ ಮಂಚ ಬಿಟ್ಟು ಕದಲುವುದಿಲ್ಲ. ‘ಉಪಚಾರ’ದಲ್ಲಿ ನಯವೇ ಹೆಚ್ಚು. ಮರಾಠಿಯಿಂದ ಬಂದ ‘ಕಾಳಜಿ’ಯಲ್ಲಿ ಮನಸ್ಸಿದೆ, ಕೈಯಿಲ್ಲ. ಒಬ್ಬರ ಬಗ್ಗೆ ಕಾಳಜಿ ಇಟ್ಟುಕೊಂಡು ಒಂದು ಲೋಟ ನೀರನ್ನೂ ಕೊಡದೆ ಇರಬಹುದು. ‘ಚಾಕರಿ’ಯಲ್ಲಿ ಕೈ ಇದೆ, ಮನಸ್ಸು ಕಹಿಯಾಗಿದೆ. ‘ಸೇವೆ’ ನನಗೆ ಬೇಡವೇ ಬೇಡ. ಮಾಡುವವಳನ್ನು ಅದು ದೇವತೆಯಾಗಿಸುತ್ತದೆ ಇಲ್ಲವೇ ದಾಸಿಯಾಗಿಸುತ್ತದೆ, ಎರಡಕ್ಕೂ ಸಂಬಳ ಕೇಳುವ ಹಕ್ಕಿಲ್ಲ. ಉಳಿಯುವುದು ‘ಆರೈಕೆ’. ಹಳಗನ್ನಡದ ‘ಆರಯ್’ ಧಾತುವಿಗೆ ಅರಸು, ವಿಚಾರಿಸು, ನೋಡಿಕೊ ಎಂಬ ಅರ್ಥಗಳಿವೆ. ಬಳಕೆಯ ‘ನೋಡಿಕೊಳ್ಳು’ವಿನಲ್ಲಿಯೂ ಕಣ್ಣೇ ಮುಂದು. ಸಿನಿಮಾ ಕುರಿತು ಬರೆಯುವವರಿಗೆ ಇದು ಒದಗಿಬಂದ ಭಾಗ್ಯ. (ಇಲ್ಲದ ಹಕಾರ ಸೇರಿಸುವ ನಮ್ಮ ಅಭ್ಯಾಸದಿಂದ ‘ಆರೈಕೆ’ ಆಗಾಗ ‘ಹಾರೈಕೆ’ಯಾಗಿ ಅಚ್ಚಾಗುವುದು ಬೇರೆ ಮಾತು. ಬರಿಯ ಹಾರೈಕೆಯಿಂದ ಯಾರ ಜ್ವರವೂ ಇಳಿಯದು.)

ಹೀಗೆ ಟಿಪ್ಪಣಿಗೆ ‘ಆರೈಕೆಯ ದುಡಿಮೆ’ ಎಂಬುದು ನನ್ನ ಆಯ್ಕೆ. ಶ್ರಮ, ಗಳಿಕೆ ಎರಡನ್ನೂ ‘ದುಡಿಮೆ’ ಒಟ್ಟಿಗೆ ಹೇಳುತ್ತದೆ, ‘ಶ್ರಮ’ಕ್ಕೆ ಆ ಎರಡನೇ ಅರ್ಥವಿಲ್ಲ. ಸಬ್‌ಟೈಟಲ್‌ನಲ್ಲಿ ಮಾತ್ರ ನಾಮಪದವನ್ನು ಕೈಬಿಟ್ಟು ಕ್ರಿಯಾಪದವನ್ನೇ ಹಿಡಿಯಬೇಕು: ಉಣ್ಣಿಸು, ಮೀಯಿಸು, ಮಗ್ಗುಲು ಬದಲಿಸು, ರಮಿಸು, ಎತ್ತಿ ಕೂರಿಸು. ಆಂಥೊನಿ ಚೆನ್ ಅವರ 2013ರ ‘ಇಲೋ ಇಲೋ’ ಚಿತ್ರವನ್ನೇ ನೋಡಿ. 1997ರ ಏಷ್ಯಾದ ಆರ್ಥಿಕ ಕುಸಿತದ ಹೊತ್ತಿನ ಸಿಂಗಪುರ. ಫಿಲಿಪ್ಪೀನ್ಸ್‌ನಿಂದ ಬಂದ ತೆರೇಸಾ ತನ್ನ ಎಳೆಗೂಸನ್ನು ಊರಿನಲ್ಲಿ ಬಿಟ್ಟು ಇಲ್ಲಿ ಇನ್ನೊಬ್ಬರ ಮಗನಿಗೆ ಸ್ನಾನ ಮಾಡಿಸುತ್ತಾಳೆ. ಆ ಮನೆಯ ತುಂಬು ಬಸುರಿ ತಾಯಿ ಕಚೇರಿಯಲ್ಲಿ ಇತರರನ್ನು ವಜಾ ಮಾಡುವ ಪತ್ರಗಳನ್ನು ಟೈಪ್ ಮಾಡುತ್ತಾಳೆ. ತಂದೆ ಕೆಲಸ ಕಳೆದುಕೊಂಡದ್ದನ್ನು ಮನೆಯಲ್ಲಿ ಮುಚ್ಚಿಡುತ್ತಾನೆ. ಕೊನೆಗೆ ತೆರೇಸಾಳನ್ನು ಊರಿಗೆ ಕಳುಹಿಸಿಬಿಡುತ್ತಾರೆ. ಚಿತ್ರದ ಸಾರಾಂಶ ಬರೆಯುವವರು ತಂದೆಯನ್ನು ಸಲೀಸಾಗಿ ‘ನಿರುದ್ಯೋಗಿ’ ಎನ್ನುತ್ತಾರೆ, ತೆರೇಸಾ ಬರಿದೇ ‘ಊರಿಗೆ ಮರಳಿದಳು’. ಇಬ್ಬರಿಗೂ ಒಂದೇ ಪದ ಬಳಸಬೇಕೆಂಬುದು ನನ್ನ ಹಟ.

ಸ್ನೇಹಿತರೊಬ್ಬರು ‘ಆರೈಕೆ ಕಾಯಕ’ ಎಂದು ಸೂಚಿಸಿದರು. ಕೇಳಲು ಸೊಗಸಾಗಿದೆ. ಆದರೆ ಅಕ್ಕಿ ಆಯುವ ಕಾಯಕದ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತರಾಟೆಗೆ ತೆಗೆದುಕೊಂಡವಳು ಅವಳು. ಹೆಚ್ಚಿಗೆ ಬಯಸಬಾರದೆಂಬುದು ಕಾಯಕದ ನೀತಿ. ಮನೆಗೆಲಸಕ್ಕೆ ಕೂಲಿ ಕೇಳುವ ಸ್ತ್ರೀವಾದಿಗಳ ಬೇಡಿಕೆಯೋ, ಕೊಡದೆ ಉಳಿಸಿಕೊಂಡದ್ದನ್ನು ಕೊಡಿ ಎಂಬುದು. ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಲಕ್ಕಮ್ಮನಿಗೂ ಅನ್ಯಾಯ, ಇವರಿಗೂ ಅನ್ಯಾಯ.

ಇಲ್ಲಿಗೆ ‘ಬಿಟ್ಟಿ’ ಬರುತ್ತದೆ. ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಅಧಿಕಾರದಲ್ಲಿರುವವರು ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ಕೆಲಸ ಎಂಬುದು ಅದರ ಹಳೆಯ ಅರ್ಥ. ಕಾಲಕ್ರಮದಲ್ಲಿ ಅದು ತಿರುಗಿ ನಿಂತಿದೆ. ಇಂದು ‘ಬಿಟ್ಟಿ ಕೂಳು’ ಎಂದರೆ ದುಡಿಯದೆ ತಿನ್ನುವುದು. ದುಡಿಸಿಕೊಂಡವರ ಮೇಲಿದ್ದ ದೂರು ದುಡಿಯದವರ ಮೇಲಿನ ಬೈಗುಳವಾಯಿತು. ಸರ್ಕಾರಿ ಕನ್ನಡದ ‘ವೇತನರಹಿತ’ಕ್ಕೆ ಬಿಸಿಯೂ ಇಲ್ಲ, ತಂಪೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯ ಪ್ರಕಾರ ಜಗತ್ತಿನಲ್ಲಿ ಸಂಬಳವಿಲ್ಲದ ಆರೈಕೆಗೆ ಸಲ್ಲುವ ಒಟ್ಟು ಗಂಟೆಗಳಲ್ಲಿ ಶೇ 76.2 ಹೆಂಗಸರದು. ಇದನ್ನು ‘ವೇತನರಹಿತ’ ಎಂದರೆ ಓದುಗರು ಆಕಳಿಸುತ್ತಾರೆ, ‘ಬಿಟ್ಟಿ ದುಡಿಮೆ’ ಎಂದರೆ ಎದ್ದು ಕೂರುತ್ತಾರೆ. ಆದರೆ ಮಗುವನ್ನು ಮಲಗಿಸುವ ತಾಯಿಯ ಕುರಿತು ‘ಬಿಟ್ಟಿ’ ಎಂದರೆ ಅವಳಿಗೇ ನೋವಾದೀತು ಎಂಬ ಅಳುಕೂ ಇದೆ. 1972ರಲ್ಲಿ ಶುರುವಾದ ‘ಮನೆಗೆಲಸಕ್ಕೆ ಕೂಲಿ’ ಚಳವಳಿಯ ಸಿಲ್ವಿಯಾ ಫೆಡರಿಚಿ 1975ರ ತಮ್ಮ ಕಿರುಹೊತ್ತಗೆಗೆ ‘ಮನೆಗೆಲಸದ ವಿರುದ್ಧ ಕೂಲಿ’ ಎಂಬ ಅರ್ಥದ ಹೆಸರಿಟ್ಟರು. ಸ್ವಭಾವ, ಪ್ರೀತಿ ಎಂದು ಕರೆಯುತ್ತ ಬಂದದ್ದಕ್ಕೆ ಕೂಲಿ ಕೇಳಿದರೆ ಅದು ಕೆಲಸವೆಂದು ಕಾಣತೊಡಗುತ್ತದೆ, ಆಗ ಅದನ್ನು ಒಲ್ಲೆ ಎನ್ನಲೂ ಬರುತ್ತದೆ ಎಂಬುದು ಅವರ ವಾದ. ಅಲ್ಲಿ ನಾನು ‘ಸಂಬಳ’ ಬಿಟ್ಟು ‘ಕೂಲಿ’ಯನ್ನೇ ಆರಿಸಿಕೊಂಡೆ. ಸಂಬಳಕ್ಕೆ ತಿಂಗಳು, ಹುದ್ದೆ, ರಜೆ ಎಲ್ಲ ಅಂಟಿಕೊಂಡಿರುತ್ತವೆ.

ಕೊನೆಯದಾಗಿ ‘ಸಹಾಯ’. ‘ಗಂಡ ಮನೆಗೆಲಸದಲ್ಲಿ ಸಹಾಯ ಮಾಡುತ್ತಾನೆ’ ಎಂಬುದು ಹೊಗಳಿಕೆಯಂತೆ ಕೇಳಿಸುತ್ತದೆ, ಆದರೆ ಕೆಲಸ ಹೆಂಡತಿಯದು ಎಂಬ ತೀರ್ಪು ಅದರೊಳಗೇ ಇದೆ. 1954ರ ‘ಸಾಲ್ಟ್ ಆಫ್ ದಿ ಅರ್ತ್’ ಚಿತ್ರದಲ್ಲಿ ಗಣಿ ಕಾರ್ಮಿಕರು ಮುಷ್ಕರದ ಸಾಲಿನಲ್ಲಿ ನಿಲ್ಲಬಾರದೆಂದು ನ್ಯಾಯಾಲಯದ ಆಜ್ಞೆ ಬಂದಾಗ ಅವರ ಹೆಂಡಂದಿರು ನಿಲ್ಲುತ್ತಾರೆ, ಗಂಡಸರು ಬಟ್ಟೆ ಒಗೆಯುತ್ತಾರೆ. ಮನೆಗೆ ಬಿಸಿನೀರಿನ ವ್ಯವಸ್ಥೆ ಬೇಕೆಂಬ ಹೆಂಗಸರ ಬೇಡಿಕೆಯನ್ನು ಅಲ್ಲಿಯವರೆಗೆ ಬದಿಗಿಟ್ಟಿದ್ದ ರಮೋನ್, ನೀರು ಕಾಯಿಸಿ ಬಟ್ಟೆ ಒಣಹಾಕುವ ಹೊತ್ತಿಗೆ, ಅದು ಮೊದಲೇ ಬೇಡಿಕೆಗಳ ಪಟ್ಟಿಯಲ್ಲಿ ಇರಬೇಕಿತ್ತು ಎಂದು ಪಕ್ಕದವನೊಡನೆ ಗೊಣಗುತ್ತಾನೆ. ಅವನು ಮಾಡಿದ್ದು ಸಹಾಯವಲ್ಲ. ‘ಅವಳ ಕೆಲಸ ಇವನ ಪಾಲಿಗೆ ಬಂತು’ ಎಂದು ಬರೆದೆ.

ಬಲ್ಲವರು ಮೂರು ವಿಷಯ ತಿಳಿಸಿದರೆ ಉಪಕಾರವಾಗುತ್ತದೆ. ‘ಬಿಟ್ಟಿ ದುಡಿಮೆ’ಯ ‘ಬಿಟ್ಟಿ’ ಹಳೆಯ ಅರ್ಥದಲ್ಲೇ ಓದುಗರಿಗೆ ತಟ್ಟುತ್ತದೆಯೇ, ಅಥವಾ ಪುಕ್ಕಟೆ ಎಂಬುದೇ ಮುಂದಾಗುತ್ತದೆಯೇ? ಹೆತ್ತವಳನ್ನು ನೋಡಿಕೊಳ್ಳುವುದಕ್ಕೆ ‘ಬಾಣಂತನ ಮಾಡು’ ಎಂಬ ಖಚಿತ ಪ್ರಯೋಗ ಇರುವಂತೆ, ಮುಪ್ಪಿನವರನ್ನು ನೋಡಿಕೊಳ್ಳುವುದಕ್ಕೆ ಒಂದೇ ಪದದ ಪ್ರಯೋಗ ನಿಮ್ಮ ಕಡೆ ಬಳಕೆಯಲ್ಲಿದೆಯೇ? ‘ಮನೆಗೆಲಸದವಳು’ ಎಂಬಲ್ಲಿನ ಕೀಳು ದನಿ ತಪ್ಪಿಸಲು ‘ಗೃಹಕಾರ್ಮಿಕೆ’ ಎಂದು ಬರೆಯುತ್ತಿದ್ದೇನೆ. ಟಿಪ್ಪಣಿಗೆ ಅದು ಸರಿ, ಆದರೆ ಪಾತ್ರಗಳ ಬಾಯಲ್ಲಿ ಕೃತಕವಾಗಿ ಕೇಳಿಸುತ್ತದೆ. ಅಲ್ಲಿಗೆ ಏನು ಹಾಕಲಿ?