ಬೆಳಗಿನ ಐದೂವರೆಗೆ ಬಂದ ಮೆಸೇಜಿಗೆ

ತಂಗಿ, ನಿನ್ನ ಮೆಸೇಜ್ ಬೆಳಗ್ಗೆಯೇ ನೋಡಿದೆ. ಐದೂವರೆಗೆ ಹಾಕಿದ್ದೀಯ. "ಅಕ್ಕಾರ, ಈ ತಿಂಗಳ ಪಗಾರ ತಗೊಂಡು ಬಿಟ್ಟ ಬಿಡ್ತೀನಿ. ನರ್ಸಿಂಗ್ ಸಾಕು. ಊರಾಗ ಸೀರಿಗೆ ಫಾಲ್ ಹಚ್ಚಿದ್ರೂ ಹೊಟ್ಟಿ ತುಂಬತದ" ಅಂತ. ಆಗ ನಾನು ಡ್ಯೂಟಿಗೆ ಹೊರಟಿದ್ದೆ, ಉತ್ತರ ಕೊಡಲು ಆಗಲಿಲ್ಲ. ಈಗ ಮನೆಗೆ ಬಂದು, ರೊಟ್ಟಿ ಬಡಿದಿಟ್ಟು, ಕುಕ್ಕರ್ ಏರಿಸಿ ಕೂತಿದ್ದೇನೆ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತೇನೆ. ಉದ್ದ ಆಗುತ್ತದೆ. ಬೇಸರ ಆದವರು ವೇಗ ಜಾಸ್ತಿ ಮಾಡಿಕೊಂಡು ಕೇಳಿ, ನಾನೇನೂ ಅಂದುಕೊಳ್ಳುವುದಿಲ್ಲ.

ಮೊದಲು ನಮ್ಮ ನರ್ಸುಗಳ ಈ ಗುಂಪಿನ ಉಳಿದವರಿಗೆ ಒಂದು ಮಾತು. ಹುಡುಗಿ ಅಷ್ಟು ಬರೆದಿದ್ದಾಳೆ, ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಇಬ್ಬರು "ನಮ್ಮದು ದೇವರ ಕೆಲಸ, ಧೈರ್ಯ ತಗೋ" ಅಂತ ಬರೆದಿದ್ದೀರಿ. ನನಗೆ ಸಿಟ್ಟು ಬಂತು, ಹೇಳಿಬಿಡುತ್ತೇನೆ. ದೇವರ ಕೆಲಸ ಅಂದ ಕೂಡಲೇ ನಮ್ಮ ಬಾಯಿ ಬಂದ್ ಆಗುತ್ತದೆ. ದೇವರ ಕೆಲಸ ಮಾಡುವವಳು ಓವರ್‌ಟೈಮ್ ಕೇಳಬಾರದು, ಪಗಾರ ಕೇಳಬಾರದು, ಕಾಲು ನೋಯುತ್ತದೆ ಅನ್ನಬಾರದು. ಮೇ 12, ನರ್ಸುಗಳ ದಿನ, ಬಂತು ಅಂದರೆ ಒಂದು ಗುಲಾಬಿ, ಒಂದು ಕೇಕು, ಕೈಯಲ್ಲಿ ಮೇಣದಬತ್ತಿ, ಮುಗಿಯಿತು. ಅವತ್ತೂ ನೈಟ್ ಡ್ಯೂಟಿ ಇದ್ದವಳಿಗೆ ಕೇಕಿನ ಚೂರು ಕೂಡ ಉಳಿದಿರುವುದಿಲ್ಲ.

ನರ್ಸಿಂಗಿಗೆ ದಾರಿ ಹಾಕಿದ ಆ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನ ಫೋಟೋದಲ್ಲಿ ಯಾವಾಗಲೂ ದೀಪ ಇರುತ್ತದೆ, ಅಲ್ವಾ? ಆಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕ ಇತ್ತು ಅಂತ ನಮಗೆ ಯಾರೂ ಬಾಯಿತುಂಬ ಹೇಳಲಿಲ್ಲ. 1854ರಲ್ಲಿ ಯುದ್ಧದ ಆಸ್ಪತ್ರೆಗೆ ಹೋದಾಕೆ ಸತ್ತವರ ಲೆಕ್ಕ ಬರೆದಿಟ್ಟಳು. ಗುಂಡು ತಗುಲಿ ಸತ್ತವರಿಗಿಂತ ಹೊಲಸಿನಿಂದ, ರೋಗದಿಂದ ಸತ್ತ ಸೈನಿಕರೇ ಬಹಳ ಜಾಸ್ತಿ ಅಂತ ಅದರಿಂದ ಗೊತ್ತಾಯಿತು. ಆಮೇಲೆ ಅದನ್ನೇ ಚಿತ್ರ ಮಾಡಿ ಸರ್ಕಾರದ ಮುಂದೆ ಇಟ್ಟಳು. ಆಕೆ ಅಳುತ್ತಾ ಕೂತಿದ್ದರೆ ಸರ್ಕಾರದವರು ಒಂದು ಕಿಟಕಿಯನ್ನೂ ತೆಗೆಸುತ್ತಿರಲಿಲ್ಲ. ಅದಕ್ಕೆ ತಂಗಿ, ನಿನ್ನ ಬೇಜಾರನ್ನೂ ನಾನು ಲೆಕ್ಕದಲ್ಲೇ ನೋಡಿದೆ.

ನೀನೇ ಬರೆದಿದ್ದೀಯ. ಐಸಿಯುನಲ್ಲಿ ಹತ್ತು ಹಾಸಿಗೆ, ರಾತ್ರಿ ಪಾಳಿಗೆ ಮೂವರು, ಅದರಲ್ಲಿ ಒಬ್ಬಳು ಸೇರಿ ಹದಿನೈದು ದಿನ ಆಗಿದೆ. ಇಬ್ಬರು ರೋಗಿಗಳು ವೆಂಟಿಲೇಟರ್ ಮೇಲೆ. ಪಗಾರ 14 ಸಾವಿರ. ಈಗ ಇದನ್ನು ಕೇಳು. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದಲ್ಲಿ ಐಸಿಯುಗೆ ಒಂದು ಹಾಸಿಗೆಗೆ ಒಬ್ಬ ನರ್ಸ್, ಪ್ರತಿ ಪಾಳಿಗೂ. ಮೇಲೆ ರಜೆ ಹೋಗುವವರ ಜಾಗಕ್ಕೆ ಅಂತ ನೂರಕ್ಕೆ 30ರಷ್ಟು ಜಾಸ್ತಿ ಮಂದಿ ಇರಬೇಕು. ಪಗಾರದ ಮಾತಿಗೆ ಬಂದರೆ, 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತ್ತು. 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20 ಸಾವಿರಕ್ಕಿಂತ ಕಡಿಮೆ ಕೊಡಬಾರದು, 200 ದಾಟಿದ್ದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಅಂತ ಅದು ಶಿಫಾರಸು ಮಾಡಿತು. ಶಿಫಾರಸು ಅಷ್ಟೇ. ಇದನ್ನು ತೋರಿಸಿದರೆ ನಾಳೆಯೇ ನಿನ್ನ ಪಗಾರ ಏರುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ "ನನಗೇ ತಾಕತ್ತು ಇಲ್ಲ, ನಾನೇ ಸೋಮಾರಿ" ಅಂತ ಬರೆದಿದ್ದೀಯಲ್ಲ, ಅದನ್ನು ಅಳಿಸಿ ಹಾಕು. ಹತ್ತು ಮಂದಿಯ ಕೆಲಸವನ್ನು ಎರಡೂವರೆ ಮಂದಿ ಮಾಡಿದರೆ ಯಾರ ಸೊಂಟವೂ ಉಳಿಯುವುದಿಲ್ಲ.

ನಿಮ್ಮ ಮೇಟ್ರನ್ ಮೇಡಂ, ನರ್ಸುಗಳ ಮೇಲಿನವರು, ಅಂದರಂತೆ, "ಹೊರಗ ಇಪ್ಪತ್ತ ಮಂದಿ ಸಾಲ ಹಚ್ಚ್ಯಾರ, ನೀ ಹೋದ್ರ ನಾಳಿಗೆ ಇನ್ನೊಬ್ಬಾಕಿ ಬರ್ತಾಳ" ಅಂತ. ಬರಲಿ ಬಿಡು. ಬಂದವಳಿಗೆ ವೆಂಟಿಲೇಟರ್ ಅಲಾರಂ ಯಾವುದು ಯಾಕೆ ಕೂಗುತ್ತದೆ ಅಂತ ಕಲಿಸುವವರು ಯಾರು? ಮತ್ತೆ ನೀನೇ ಅಲ್ವಾ.

ಈಗ ನನ್ನದೊಂದು ಹೇಳುತ್ತೇನೆ. ಈ ಗುಂಪಿನಲ್ಲಿ ಒಬ್ಬಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ನಾನು ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ಮಧ್ಯಾಹ್ನದ ಪಾಳಿ ಮುಗಿಸಿದೆ, ರಾತ್ರಿಯವಳು ಬರಲಿಲ್ಲ, "ನೀನೇ ಮುಂದುವರಿಸು" ಅಂದರು. ಬೆಳಗಿನ ಜಾವ ನಾಲ್ಕು ಗಂಟೆ ಇರಬೇಕು. ಒಬ್ಬ ಅಜ್ಜನ ಕ್ಯಾನುಲಾ, ಅಂದರೆ ನರಕ್ಕೆ ಹಾಕಿದ ಸಣ್ಣ ನಳಿಗೆ, ಕಟ್ಟದ ಹಾಗೆ ಫ್ಲಶ್ ಮಾಡಬೇಕಿತ್ತು. ಟ್ರೇಯಿಂದ ಪ್ಲಾಸ್ಟಿಕ್ ಆಂಪ್ಯೂಲ್, ಔಷಧದ ಸಣ್ಣ ಶೀಶೆ, ತೆಗೆದೆ, ಮುರಿದೆ, ಸಿರಿಂಜಿಗೆ ಎಳೆದೆ. ಪಕ್ಕದ ಹಾಸಿಗೆ ನೋಡುತ್ತಿದ್ದ ಇಂಡಿ ಕಡೆಯ ಹುಡುಗಿ ಬಂದು ನನ್ನ ಮಣಿಕಟ್ಟು ಹಿಡಿದಳು. "ಅಕ್ಕಾರ, ಒಮ್ಮೆ ಓದ್ರಿ" ಅಂದಳು, ಅಷ್ಟೇ. ಓದಿದೆ. ಪೊಟ್ಯಾಸಿಯಂ ಕ್ಲೋರೈಡ್. ನಾನು ನಾರ್ಮಲ್ ಸಲೈನ್ ಅಂದುಕೊಂಡಿದ್ದೆ. ಅದೇ ಗಾತ್ರ, ಅದೇ ಬಿಳಿ ಪ್ಲಾಸ್ಟಿಕ್. ಸಲೈನಿನಲ್ಲಿ ಬೆರೆಸಿ ತಾಸುಗಟ್ಟಲೆ ನಿಧಾನಕ್ಕೆ ಕೊಡುವ ಔಷಧ ಅದು. ನೇರವಾಗಿ ನರಕ್ಕೆ ತಳ್ಳಿದರೆ ಹೃದಯ ಅಲ್ಲೇ ನಿಲ್ಲುತ್ತದೆ. ನಿನಗೆ ಹೇಳಬೇಕಾಗಿಲ್ಲ.

ಸಿರಿಂಜ್ ಬಿಸಾಡಿದೆ. ಸ್ಟೋರ್ ರೂಮಿನಲ್ಲಿ ಬೆಡ್‌ಶೀಟ್ ಗಂಟಿನ ಮೇಲೆ ಕೂತೆ. ಎದ್ದು ನಿಲ್ಲಲು ಕಾಲಲ್ಲಿ ಬಲ ಇರಲಿಲ್ಲ. ಅವತ್ತೇ ನಾನೂ ನಿನ್ನ ಹಾಗೆ ಬಿಟ್ಟುಬಿಡಬೇಕು ಅಂದುಕೊಂಡೆ. ಆ ಹುಡುಗಿ ನನಗೆ ಧೈರ್ಯ ಹೇಳಲಿಲ್ಲ, ದೇವರ ಕೆಲಸ ಅನ್ನಲಿಲ್ಲ. ನನ್ನ ನಾಲ್ಕು ಹಾಸಿಗೆಯ ಆರು ಗಂಟೆಯ ಬಿಪಿ, ಶುಗರ್ ತಾನೇ ನೋಡಿ ಬರೆದಳು. ಬೆಳಗ್ಗೆ ಮುಂದಿನ ಪಾಳಿಯವರಿಗೆ ಓವರ್ ಕೊಡುವಾಗ ಪಕ್ಕದಲ್ಲಿ ನಿಂತಳು. ಪಾಳಿ ಮುಗಿದ ಮೇಲೆ ಇಬ್ಬರೂ ಸೇರಿ ಆ ಟ್ರೇಯಿಂದ ಪೊಟ್ಯಾಸಿಯಂ ಆಂಪ್ಯೂಲ್ ಎಲ್ಲ ತೆಗೆದು ಬೇರೆ ಡಬ್ಬಿಗೆ ಹಾಕಿದೆವು. ಮೇಲೆ ಕೆಂಪು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದು ಬೀರುವಿನಲ್ಲಿ ಇಟ್ಟೆವು. ಯಾರೂ ಹೇಳಿರಲಿಲ್ಲ, ಸುಮ್ನೆ ಮಾಡಿದೆವು. ನಾನು ಕೆಲಸ ಬಿಡದೆ ಉಳಿದದ್ದು ಆ ಡಬ್ಬಿಯಿಂದ ಅಂತ ಈಗಲೂ ಅನ್ನಿಸುತ್ತದೆ. ಆದರೆ ಇನ್‌ಚಾರ್ಜಿಗೆ ಹೇಳಬೇಕಿತ್ತು, ಹೇಳಲಿಲ್ಲ. ಬೈಗುಳದ ಹೆದರಿಕೆ.

ಅದೇ ಹೆದರಿಕೆ ನಿನ್ನ ಮೆಸೇಜಿನಲ್ಲೂ ಕಂಡಿತು. ಕೊನೆಗೆ ಒಂದು ಸಾಲು ಸಣ್ಣದಾಗಿ ತುರುಕಿದ್ದೀಯ, "ಹೋದ ವಾರ ಸೂಜಿ ಚುಚ್ಚಿತು, ಯಾರಿಗೂ ಹೇಳಿಲ್ಲ" ಅಂತ. ತಂಗಿ, ಉಳಿದದ್ದನ್ನೆಲ್ಲ ಭಾನುವಾರ ನೋಡೋಣ, ಇದನ್ನು ನಾಳೆಯೇ ಮಾಡು. ಎಚ್ಐವಿ ತಡೆಯುವ ಮಾತ್ರೆಯನ್ನು ಚುಚ್ಚಿದ 72 ತಾಸಿನ ಒಳಗೆ, ಆದಷ್ಟು ಬೇಗ ಶುರು ಮಾಡಿ 28 ದಿನ ತಗೊಳ್ಳಬೇಕು. ಆ ಅವಧಿ ದಾಟಿಹೋಗಿದೆ. ಗಾಬರಿ ಆಗಬೇಡ, ಒಂದು ಸೂಜಿಯಿಂದ ಎಚ್ಐವಿ ತಗಲುವುದು ಬಹಳ ಅಪರೂಪ. ಆ ರೋಗಿಯ ಕೇಸ್ ಶೀಟಿನಲ್ಲಿ ಎಚ್ಐವಿ, ಹೆಪಟೈಟಿಸ್ ರಿಪೋರ್ಟ್ ಇದೆಯಾ ಅಂತ ಡಾಕ್ಟರಿಗೆ ಹೇಳಿ ನೋಡಿಸು. ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್ಐವಿ ಸಲಹೆ-ಪರೀಕ್ಷೆಯ ಕೇಂದ್ರದಲ್ಲಿ, ಪುಕ್ಕಟೆ ಪರೀಕ್ಷೆ ಆಗುತ್ತದೆ, ಹೆಸರು ಹೊರಗೆ ಬರುವುದಿಲ್ಲ. ಈಗ ಒಮ್ಮೆ ಮಾಡಿಸು, ಆಮೇಲೆ ಅವರು ಹೇಳಿದ ದಿನಕ್ಕೆ ಮತ್ತೆ ಹೋಗು. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿತ್ತಾ? ಹಾಸ್ಟೆಲ್‌ನಲ್ಲಿ ಎರಡು ಹಾಕಿಸಿಕೊಂಡು ಮೂರನೆಯದಕ್ಕೆ ಊರಿಗೆ ಓಡಿಹೋದವರು ಬಹಳ ಮಂದಿ ಇದ್ದೀರಿ, ನನಗೆ ನೆನಪಿದೆ. ಮತ್ತೆ ಅವಘಡ ಬರೆದಿಡುವ ಇನ್ಸಿಡೆಂಟ್ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಸು. ತಡವಾದರೂ ಪರವಾಗಿಲ್ಲ. ಬೈದರೆ ಬೈಯಲಿ.

ಬೈಯುವುದರ ಬಗ್ಗೆ ನಾನೂ ದೊಡ್ಡ ಬಾಯಿ ಮಾಡುವ ಹಾಗಿಲ್ಲ. ನಿಮ್ಮ ಸೀನಿಯರ್ ಸಿಸ್ಟರ್ ರೋಗಿಗಳ ಎದುರೇ ನಿನ್ನನ್ನು ಹೀನಾಯ ಮಾಡುತ್ತಾಳೆ ಅಂದೆ. ನಾನೂ ಒಂದು ಕಾಲಕ್ಕೆ ಹಾಗೇ ಇದ್ದೆ. ನನಗೆ ಮಾಡಿದರು, ನಾನು ತಿರುಗಿಸಿ ಮಾಡಿದೆ. ಒಬ್ಬ ಜೂನಿಯರ್ ಹುಡುಗಿ ಇಂಡೆಂಟ್, ಸಾಮಾನು ಕೇಳುವ ಚೀಟಿ, ತಪ್ಪು ಬರೆದಳು ಅಂತ ಅಟೆಂಡರುಗಳ ಮುಂದೆ ಕೂಗಾಡಿದೆ. ಒಂದು ತಾಸು ಬಿಟ್ಟು ಸ್ಟೋರ್ ರೂಮಿಗೆ ಹೋದರೆ ಅವಳು ನಾನು ಕೂತ ಅದೇ ಜಾಗದಲ್ಲಿ ಕೂತು ಅಳುತ್ತಿದ್ದಳು. ಕ್ಷಮೆ ಕೇಳಿದೆನಾ? ಇಲ್ಲ. ಬಾಗಿಲು ಎಳೆದುಕೊಂಡು ಬಂದೆ. ಎರಡು ತಿಂಗಳಿಗೆ ಅವಳು ಕೆಲಸ ಬಿಟ್ಟಳು. ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಸಿಕ್ಕರೆ ಏನು ಹೇಳಬೇಕು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಕೋವಿಡ್ ಎರಡನೇ ಅಲೆ, 2021ರ ಮೇ ಆದ ಮೇಲೆ ನಮ್ಮ ವಾರ್ಡಿನಲ್ಲಿ ಒಂದು ರೂಢಿ ಬಿತ್ತು. ಯಾರೂ ಕೂತು ಯೋಜನೆ ಮಾಡಿದ್ದಲ್ಲ. ಅವತ್ತು ಒಂದೇ ಪಾಳಿಯಲ್ಲಿ ಮೂರು ಸಾವು ನೋಡಿ ಹೊರಗೆ ಬಂದವರು ಮನೆಗೆ ಹೋಗಲು ಆಗದೆ ಚಹಾದ ಅಂಗಡಿ ಮುಂದೆ ಸುಮ್ನೆ ನಿಂತಿದ್ದೆವು. ಮರುದಿನವೂ ನಿಂತೆವು. ಈಗಲೂ ಓವರ್ ಕೊಟ್ಟ ಮೇಲೆ ಹತ್ತು ನಿಮಿಷ ಚಹಾ. ಅಲ್ಲಿ ರೋಗಿಯ ಹೆಸರು ಎತ್ತಬಾರದು. ಕೇಳದೆ ಬುದ್ಧಿ ಹೇಳಬಾರದು. ಒಬ್ಬಳು "ಇವತ್ತು ಆಗಲಿಲ್ಲ" ಅಂದರೆ ಉಳಿದವರು ರೋಸ್ಟರ್, ಪಾಳಿಯ ಪಟ್ಟಿ, ತೆಗೆದು ಅವಳ ಮುಂದಿನ ನೈಟ್ ಯಾರು ಬದಲಿಸುತ್ತಾರೆ ಅಂತ ನೋಡುತ್ತೇವೆ. ಎಷ್ಟೋ ಸಲ ಯಾರಿಗೂ ಬದಲಿಸಲು ಆಗುವುದಿಲ್ಲ. ಆದರೂ ಕೇಳುತ್ತೇವೆ. ನಿಮ್ಮಲ್ಲಿ ಇಬ್ಬರು ಸಿಕ್ಕರೂ ಶುರು ಮಾಡು. ಆ ಹದಿನೈದು ದಿನದ ಹೊಸ ಹುಡುಗಿಯನ್ನು ಮೊದಲು ಕರೆ.

ರೋಗಿಯ ಕಡೆಯವನು ನಿನ್ನ ಮೇಲೆ ಕೈ ಎತ್ತಿದ ಅಂತ ಬರೆದಿದ್ದೀಯ. 2009ರಿಂದ ನಮ್ಮ ರಾಜ್ಯದಲ್ಲಿ ಇದಕ್ಕೆ ಕಾನೂನು ಇದೆ, ಡಾಕ್ಟರಿಗೆ ಮಾತ್ರ ಅಲ್ಲ, ನರ್ಸಿಗೂ ಸೇರಿ. ಬರೆದು ಕೊಡು, ಒಂದು ಫೋಟೋ ನಿನ್ನ ಹತ್ತಿರ ಇಟ್ಟುಕೋ. ಕೆಟ್ಟ ಮಾತು, ಕೆಟ್ಟ ಕೈ ಆದರೆ, ಹತ್ತು ಅಥವಾ ಜಾಸ್ತಿ ಮಂದಿ ಕೆಲಸ ಮಾಡುವ ಎಲ್ಲ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಒಳ ಸಮಿತಿ ಇರಲೇಬೇಕು. ಇದೆಯಾ ಇಲ್ಲವಾ ಕೇಳು.

ಬಿಡುವ ಮಾತು. ಬಿಡಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಮೂರನೇ ನೈಟಿನ ಬೆಳಗಿನ ಐದೂವರೆಗೆ ಬಿಡಬೇಡ. ಆ ಹೊತ್ತಿಗೆ ಮೈ ತಣ್ಣಗಾಗಿರುತ್ತದೆ, ತಲೆ ಮಂಕಾಗಿರುತ್ತದೆ, ಆಗ ಗಂಡ, ಅತ್ತೆ, ಕೆಲಸ ಎಲ್ಲವೂ ಬೇಡ ಅನ್ನಿಸುತ್ತದೆ. ಎರಡು ದಿನ ನಿದ್ದೆ ಮಾಡಿ ಕೇಳಿಕೋ, ಬೇಡವಾದದ್ದು ನರ್ಸಿಂಗೋ, ಆ ಜಾಗವೋ ಅಂತ. ಯಾಕೆ ಹೇಳುತ್ತೇನೆ ಅಂದರೆ, ಹೋದ ತಿಂಗಳು ನೀನೇ ಈ ಗುಂಪಿನಲ್ಲಿ ಹಾಕಿದ್ದೆ, "ವೆಂಟಿಲೇಟರ್ ನಳಿಗಿ ತೆಗದ ಕೂಡ್ಲೆ ಅಜ್ಜ ಚಾ ಕೇಳ್ತರೀ" ಅಂತ, ಮುಂದೆ ನಾಲ್ಕು ನಗುವ ಮುಖ. ಫಾಲ್ ಹಚ್ಚಲು ಹೋಗುವ ಹುಡುಗಿ ಬರೆಯುವ ಮೆಸೇಜ್ ಅಲ್ಲ ಅದು.

ಜಾಗವೇ ಬೇಡ ಅಂತಾದರೆ ಸರಿಯಾಗಿ ಬಿಡು. ಸಿಟ್ಟಿನಲ್ಲಿ ಎದ್ದು ಬಂದರೆ ಅನುಭವದ ಪತ್ರ ಕೊಡದೆ ಅಲೆದಾಡಿಸುತ್ತಾರೆ. ನೋಟಿಸ್ ಎಷ್ಟು ದಿನ ಅಂತ ಕೆಲಸದ ಆರ್ಡರಿನಲ್ಲಿ ನೋಡು. ನಿನ್ನ ಅಸಲಿ ಮಾರ್ಕ್ಸ್ ಕಾರ್ಡ್ ಅವರು ಇಟ್ಟುಕೊಂಡಿದ್ದರೆ ಬಾಯಲ್ಲಿ ಕೇಳಬೇಡ, ಪತ್ರ ಕೊಟ್ಟು ಸ್ವೀಕೃತಿ ತಗೋ. ಪಿಎಫ್ ಕಟ್ಟಿದ್ದಾರಾ, ನಿನ್ನ ಪಿಎಫ್ ನಂಬರ್ ಯುಎಎನ್ ಹಾಕಿ ನೋಡು. ಪಗಾರದ ಚೀಟಿಯಲ್ಲಿ ಕಟ್ ಆಗುತ್ತದೆ, ಖಾತೆಗೆ ಬಂದಿರುವುದಿಲ್ಲ, ಹಾಗೆ ಆದವರು ನಮ್ಮಲ್ಲೇ ಇದ್ದಾರೆ. ಸ್ಟೇಟ್ ನರ್ಸಿಂಗ್ ಕೌನ್ಸಿಲ್ ನೋಂದಣಿ ತಪ್ಪಿಸಬೇಡ, ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆ ಕರೆದರೆ ಮೊದಲು ಅದನ್ನೇ ಕೇಳುತ್ತಾರೆ. ಐಸಿಯು ಸಾಕಾಗಿದ್ದರೆ ಡಯಾಲಿಸಿಸ್ ಇದೆ, ಡಿಪ್ಲೊಮಾ ನರ್ಸುಗಳಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ಬೆಳಗಾವಿ ಅಕ್ಕ ಆ ದಾರಿ ಹಿಡಿದು ಈಗ ಪಾಠ ಮಾಡುತ್ತಾಳೆ, ಅಕ್ಕಾ ಕೇಳುತ್ತಿದ್ದರೆ ಇವಳಿಗೆ ಫೋನ್ ಮಾಡ್ರಿ.

ಇನ್ನೊಂದು. ರಜೆಯಲ್ಲೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಇರುವುದೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡು. ಟೆಲಿ ಮನಸ್ ಅಂತ, ಸರ್ಕಾರದ್ದು, ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ರೋಗಿಗಳ ಕಡೆಯವರಿಗೆ ನಾವೇ ಈ ನಂಬರ್ ಬರೆದು ಕೊಡುತ್ತೇವೆ, ನಾವು ಮಾಡಿದರೆ ನಾಚಿಕೆ ಏನು? ನಾನು ಮಾಡಿದ್ದೇನೆ.

ಭಾನುವಾರ ನಿನಗೆ ನೈಟ್ ಆಫ್ ಅಲ್ವಾ? ಡ್ಯೂಟಿ ಮುಗಿಸಿ ನೇರ ಬಸ್ ಹತ್ತಬೇಡ, ಮಲಗಿ ಎದ್ದು ಬಾ. ಬಾಗಲಕೋಟೆಯಿಂದ ಮಧ್ಯಾಹ್ನದ ಬಸ್ ಹಿಡಿದರೂ ಸಂಜೆಗೆ ವಿಜಯಪುರ. ಕಿಟಕಿ ಪಕ್ಕ ಕೂತುಕೋ, ಕೊಲ್ಹಾರ ಸೇತುವೆ ಮೇಲೆ ಒಳ್ಳೆ ಗಾಳಿ ಬೀಸುತ್ತದೆ. ಬಸ್ ಸ್ಟ್ಯಾಂಡಿಗೆ ನಾನು ಸ್ಕೂಟಿ ತಗೊಂಡು ಬರುತ್ತೇನೆ. ಬರುವಾಗ ನಿನ್ನ ಆರ್ಡರ್, ಪಗಾರದ ಚೀಟಿ, ರೋಸ್ಟರಿನ ಫೋಟೋ ತಾ. ಪುಂಡಿ ಪಲ್ಯ ಮಾಡಿರುತ್ತೇನೆ, ಉಂಡು ಆಮೇಲೆ ಪತ್ರ ಬರೆಯೋಣ. ಅದು ರಾಜೀನಾಮೆಯೋ, ಮಂದಿ ಜಾಸ್ತಿ ಕೊಡಿ ಅನ್ನುವ ಅರ್ಜಿಯೋ, ಅವತ್ತು ನೀನೇ ಹೇಳು. ಇವತ್ತಿನಿಂದ ನನಗೂ ನೈಟ್. ಎರಡು ಗಂಟೆಗೆ ಒಂದು "ಅಕ್ಕಾ" ಅಂತ ಹಾಕು, ಎಚ್ಚರ ಇರುತ್ತೇನೆ.

ಕುಕ್ಕರ್ ಐದನೇ ಸೀಟಿ ಹೊಡೆಯಿತು, ಬೇಳೆ ಹೊತ್ತಿತೋ ಏನೋ. ಇಡುತ್ತೇನವ್ವ.