ಮಗ ಪ್ರತಿ ಭಾನುವಾರ ಬಂಡೆ ಹತ್ತೋಕೆ ಹೋಗ್ತಾನೆ, ಈ ವಯಸ್ಸಿನವ್ರಿಗೆ ಇದ್ರಲ್ಲಿ ಏನ್ ಸಿಗುತ್ತೆ?

ತುಮಕೂರಿನ ಅಮ್ಮ:
ಎಲ್ರಿಗೂ ನಮಸ್ಕಾರ. ನನ್ನ ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದಾನೆ, ಓದಿನಲ್ಲಿ ಏನೂ ತೊಂದ್ರೆ ಇಲ್ಲ, ಆದ್ರೆ ಭಾನುವಾರ ಬಂತು ಅಂದ್ರೆ ಕತ್ತಲಲ್ಲೇ ಎದ್ದು ರಾಮನಗರಕ್ಕೆ ರಾಕ್ ಕ್ಲೈಂಬಿಂಗ್‌ಗೆ ಓಡ್ತಾನೆ. ಹೋದ ಸಲ ಮನೆಗೆ ಬಂದಾಗ ಬೆರಳ ತುದಿ ಚರ್ಮ ಎಲ್ಲಾ ಕಿತ್ತೋಗಿತ್ತು, ಸಾರನ್ನ ಕಲಸಿದ್ರೆ ಉರಿಯುತ್ತೆ ಅಂತ ಸ್ಪೂನ್ ಕೇಳ್ದ. ಯಾಕೋ ಇದೆಲ್ಲ ಅಂದ್ರೆ "ಅಮ್ಮ, ಮೇಲೆ ಇದ್ದಾಗ ತಲೇಲಿ ಬೇರೆ ಏನೂ ಇರಲ್ಲ" ಅಂತಾನೆ ಅಷ್ಟೆ. ಅವರಪ್ಪ ಬೈದು ನಿಲ್ಲಿಸ್ತೀನಿ ಅಂತಿದಾರೆ, ನಂಗೆ ಬೈಯೋ ಮುಂಚೆ ಅರ್ಥ ಮಾಡ್ಕೋಬೇಕು ಅನ್ಸುತ್ತೆ. ಮೊಬೈಲ್ ತೆಗೆದ್ರೆ ಒಬ್ಬ ಹಗ್ಗ ಇಲ್ದೆ ಬಂಡೆ ಹತ್ತಿರ್ತಾನೆ, ಇನ್ನೊಬ್ಬ ಬೆಟ್ಟದ ತುದಿಯಿಂದ ಹಾರಿರ್ತಾನೆ. ಜೀವಕ್ಕೆ ಅಪಾಯ ಇರೋದ್ರಲ್ಲಿ ಈ ಮಕ್ಕಳಿಗೆ ಏನ್ ಖುಷಿ? ಗೊತ್ತಿರೋರು ಹೇಳಿ.

ಬಾದಾಮಿ ಹುಡುಗ:
ಅಕ್ಕಾರ, ನಾ ಬಾದಾಮಿ ಕಡೆಯಾಂವ, ಕ್ಲೈಂಬಿಂಗ್ ಮಾಡಾಕ ಹತ್ತಿ ಭಾಳ ವರ್ಷ ಆತು. ನಿಮ್ಮ ಮಗ ಹೇಳಿದ್ದು ಖರೇ ಐತ್ರಿ. ಕಾಲು ಎಲ್ಲಿಡ್ಲಿ, ಬಲಗೈ ಹಿಡಿತ ತಡೀತೈತೋ ಇಲ್ಲೋ, ಇಷ್ಟ ತಲ್ಯಾಗ ಇರ್ತೈತಿ, ಪರೀಕ್ಷಾ ಇಲ್ಲ ಫೋನ್ ಇಲ್ಲ. ನಮ್ಮ ಬಾದಾಮಿದು ಕೆಂಪು ಮರಳುಗಲ್ಲು, ಅಡ್ಡಡ್ಡ ಪದರ ಇರ್ತಾವು, ಬೆರಳಿಗೆ ಛಲೋ ಹಿಡಿತ ಸಿಗ್ತೈತಿ. ರಾಮನಗರದ್ದು ಗ್ರಾನೈಟ್, ಅಲ್ಲಿ ಕೆಲವು ಕಡೆ ಕೈಗೆ ಹಿಡಿಯಾಕ ಏನೂ ಇರೂದಿಲ್ಲ, ಬರೇ ಬೂಟಿನ ರಬ್ಬರ್ ನಂಬಿ ಜಾರೂ ಕಲ್ಲಿನ ಮ್ಯಾಲ ಎದ್ದು ನಿಲ್ಬೇಕು. ಆ ಹೆಜ್ಜಿ ಇಡೂತನಕ ಎದಿ ಡವಡವ ಅಂತೈತಿ, ಕಾಲು ನಡಗ್ತೈತಿ, ಇಟ್ಟು ನಿಂತ್ವಿ ಅಂದ್ರ ಆ ಖುಷಿ ಬಾಯಿಲೆ ಹೇಳಾಕ ಆಗೂದಿಲ್ರಿ. ಅದು ಸಾವಿನ ಹತ್ರ ಹೋದ ಖುಷಿ ಅಲ್ಲ, ಅಂಜಿಕಿ ಬಂದಾಗೂ ಕೈಕಾಲು ನಮ್ಮ ಮಾತು ಕೇಳಿದ್ವಲ್ಲ ಅನ್ನೂ ಖುಷಿ. ಸೊಂಟಕ್ಕ ಹಾರ್ನೆಸ್ ಅಂತ ಗಟ್ಟಿ ಪಟ್ಟಿ ಇರ್ತೈತಿ, ಕೆಳಗ ಬಿಲೇ ಮಾಡಾಂವ, ಅಂದ್ರ ನಾವು ಜಾರಿದ್ರ ಹಗ್ಗ ತಡಿಯಾಂವ, ಹಗ್ಗ ಹಿಡಿದು ನಿಂತಿರ್ತಾನ, ಜಾರಿದ್ರ ಹಗ್ಗದಾಗ ಜೋತಾಡ್ತೀವಿ, ದಮ್ ತಗೊಂಡು ಮತ್ತ ಹತ್ತತೀವಿ.

ಪಾಠದ ಮೇಡಂ:
ನಾನು ಪಿಯು ಕಾಲೇಜಲ್ಲಿ ಸೈಕಾಲಜಿ ಹೇಳಿಕೊಡ್ತೀನಿ. ಒಂದು ಪ್ರಯೋಗ ಹೇಳ್ತೀನಿ, ನಿಮಗೆ ಉಪಯೋಗ ಆಗುತ್ತೆ. 2005ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅನ್ನೋರು 13ರಿಂದ 16, 18ರಿಂದ 22, ಆಮೇಲೆ 24 ದಾಟಿದವ್ರು ಹೀಗೆ ಮೂರು ಗುಂಪಿಗೆ ಕಂಪ್ಯೂಟರ್‌ನಲ್ಲಿ ಕಾರು ಓಡಿಸೋ ಆಟ ಆಡ್ಸಿದ್ರು, ಹಳದಿ ಲೈಟ್ ಬಂದ್ಮೇಲೂ ಎಷ್ಟು ಮುಂದೆ ಹೋಗ್ತಾರೆ ಅಂತ ನೋಡೋದು. ಒಬ್ಬೊಬ್ಬರೇ ಆಡ್ದಾಗ ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಥರ. ಪಕ್ಕದಲ್ಲಿ ಫ್ರೆಂಡ್ಸ್ ಕೂತ್ರೆ ಚಿಕ್ಕವರು ಜಾಸ್ತಿ ರಿಸ್ಕ್ ತಗೊಂಡ್ರು, ದೊಡ್ಡವರಲ್ಲಿ ಅಂಥ ವ್ಯತ್ಯಾಸ ಇಲ್ಲ. ನಮ್ಮ ರಿಂಗ್ ರೋಡಲ್ಲಿ ರಾತ್ರಿ ವೀಲಿಂಗ್ ಮಾಡ್ತಾರಲ್ಲ, ಹಿಂದಿನ ಬೈಕಲ್ಲಿ ಒಬ್ಬ ವಿಡಿಯೋ ತೆಗೀತಾ ಇರೋದೇ ಅದಕ್ಕೆ ಪೆಟ್ರೋಲು. ನಿಮ್ಮ ಮಗ ಯಾರ ಜೊತೆ ಹೋಗ್ತಾನೆ, ಆ ಗುಂಪಲ್ಲಿ ಒಬ್ಬ "ಇವತ್ತು ಬೇಡ, ಇಳಿ" ಅಂದ್ರೆ ಉಳಿದವ್ರು ನಗ್ತಾರಾ ಕೇಳ್ತಾರಾ, ಇದನ್ನ ತಿಳ್ಕೊಳಿ ಮೇಡಂ. ಹತ್ತೋದನ್ನೇ ನಿಲ್ಸಿದ್ರೆ ಆ ಹುಮ್ಮಸ್ಸು ಬೇರೆ ಎಲ್ಲೋ ಹೋಗಿ ನಿಲ್ಲುತ್ತೆ, ಅದು ನಿಮ್ಮ ಕಣ್ಣಿಗೆ ಬೀಳಲ್ಲ.

ದುರ್ಗದವ:
ಹಗ್ಗ ಇರೋರ ಮಾತು ಸರಿ, ಆದ್ರೆ ನನ್ನ ಸಂಕಟ ಬೇರೆ. ಚಿತ್ರದುರ್ಗದ ಕೋಟೇಲಿ ಕೋತಿರಾಜ್ ಅಂತಲೇ ಹೆಸರಾಗಿರೋ ಜ್ಯೋತಿರಾಜ್ ಬರಿಗೈಲಿ ಗೋಡೆ ಹತ್ತೋದನ್ನ ಜನ ಬಾಯಿ ಬಿಟ್ಟು ನೋಡ್ತಾರೆ, ಅದು ಅವ್ರ ವರ್ಷಗಳ ಸಾಧನೆ. ಆದ್ರೆ ಆಮೇಲೆ ಟೂರ್ ಬಂದ ಹುಡುಗ್ರು ಚಪ್ಪಲಿ ಬಿಚ್ಚಿಟ್ಟು ಅದೇ ಗೋಡೆಗೆ ಕೈ ಹಾಕ್ತಾರಲ್ಲ, ಆಗ ಹೊಟ್ಟೆ ತೊಳಸುತ್ತೆ ನಂಗೆ. ಜ್ಯೋತಿರಾಜ್ ಅಂಥವ್ರೂ 2018ರಲ್ಲಿ ಜೋಗದ ಬಂಡೇಲಿ ಸಿಕ್ಕಾಕೊಂಡು ಬೇರೆಯವ್ರು ಹೋಗಿ ಕಾಪಾಡಬೇಕಾಯ್ತು. ಅಮೆರಿಕದ ಅಲೆಕ್ಸ್ ಹೊನಾಲ್ಡ್ 2017ರ ಜೂನಲ್ಲಿ ಎಲ್ ಕ್ಯಾಪಿಟನ್ ಅನ್ನೋ ಸುಮಾರು 3000 ಅಡಿ ಬಂಡೆನ ಹಗ್ಗ ಇಲ್ದೆ ಹತ್ತಿದ್ದು ಎಲ್ಲರ ಫೋನಲ್ಲೂ ಇದೆ. ಅದಕ್ಕೂ ಮುಂಚೆ ಹಗ್ಗ ಕಟ್ಕೊಂಡು ಅದೇ ದಾರೀನ ಮತ್ತೆ ಮತ್ತೆ ಹತ್ತಿ ಬಾಯಿಪಾಠ ಮಾಡಿದ್ದು, 2016ರ ನವೆಂಬರಲ್ಲಿ ಶುರು ಮಾಡಿ ಮನಸ್ಸು ಒಪ್ಪದೆ ಅರ್ಧಕ್ಕೇ ಬಿಟ್ಟಿದ್ದು, ಇದ್ಯಾವ್ದೂ ಆ ಅರ್ಧ ನಿಮಿಷದ ವಿಡಿಯೋದಲ್ಲಿ ಬರಲ್ಲ. ಮಕ್ಕಳಿಗೆ ಇದನ್ನ ಯಾರು ಹೇಳ್ತಾರೆ?

ತುಮಕೂರಿನ ಅಮ್ಮ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಚೆನ್ನಾಗಿ ಯಾರೂ ಬಿಡಿಸಿ ಹೇಳಿರ್ಲಿಲ್ಲ. ಬಾದಾಮಿ ತಮ್ಮ, ಅವನು ಸರಿಯಾಗಿ ಕಲ್ತಿದಾನೋ ಇಲ್ವೋ ನಂಗೆ ಹೇಗಪ್ಪ ಗೊತ್ತಾಗ್ಬೇಕು? ಏನ್ ಕೇಳ್ಲಿ ಅವನ್ನ?

ಬಾದಾಮಿ ಹುಡುಗ:
ಕಲ್ತದ್ದು ಎಲ್ಲಿ ಅಂತ ಕೇಳ್ರಿ ಮೊದ್ಲು. ಸರ್ಕಾರದ್ದು ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಐತಿ, ಅಂಥಾ ಕಡೆ ಬೇಸಿಕ್ ಕೋರ್ಸ್ ಮಾಡಿದ್ರ ಅರ್ಧ ಚಿಂತಿ ಕಮ್ಮಿ. ಆಮ್ಯಾಲ ಮನ್ಯಾಗ ಒಂದು ಹಗ್ಗ ಕೊಟ್ಟು ಫಿಗರ್ ಎಯ್ಟ್ ಅಂತ 8ರ ಆಕಾರದ ಗಂಟು ಹಾಕಿ ತೋರ್ಸು ಅನ್ರಿ, ಕಲ್ತಾಂವ ಮಾತಾಡ್ಕೋತನ ಹಾಕ್ತಾನ. ಹತ್ತೂ ಮುಂಚೆ ಇಬ್ರೂ ಒಬ್ರದೊಬ್ರು ಗಂಟು, ಹಾರ್ನೆಸ್ಸಿನ ಬಕಲ್, ಕ್ಯಾರಾಬಿನರ್ ಅನ್ನೂ ಹಗ್ಗ ಸಿಗಿಸೂ ಕೊಂಡಿ ಲಾಕ್ ಮುಟ್ಟಿ ನೋಡ್ತಾರೇನು ಕೇಳ್ರಿ, ಪಾರ್ಟ್ನರ್ ಚೆಕ್ ಅಂತಾರ ಅದಕ್ಕ, ಹಳಬರು ಸುದ್ದಾ ಬಿಡೂದಿಲ್ಲ. ಹಗ್ಗ ಯಾವಾಗ ತಗೊಂಡದ್ದು, ಯಾರದು ಅದನ್ನೂ ಕೇಳ್ರಿ. ಹೆಲ್ಮೆಟ್ ಇಲ್ಲ ಅಂದ್ರ ಅವರಪ್ಪಾರ ಕಡಿಂದ ಮೊದ್ಲು ಅದನ್ನ ಕೊಡ್ಸ್ರಿ, ಮ್ಯಾಲಿಂದ ಸಣ್ಣ ಕಲ್ಲು ಬಿದ್ರೂ ಸಾಕು. ಬೆಂಗಳೂರಿನ ಕಂಠೀರವ ಸ್ಟೇಡಿಯಂನ್ಯಾಗ ಕ್ಲೈಂಬಿಂಗ್ ಗೋಡೆ ಐತಿ, ಆದ್ರ ಮಗನ್ನ ಕರ್ಕೊಂಡು ಇಬ್ರೂ ಒಂದಿನ ಹೋಗಿ ನೋಡ್ಕೊಂಡು ಬರ್ರಿ.