12 ವೋಲ್ಟ್ ವಾಹನ ವೈರಿಂಗ್: 5 ಆಂಪಿಯರ್ ಫ್ರಿಜ್‌ಗೆ ಎಷ್ಟು ದಪ್ಪದ ತಂತಿ ಬೇಕು?

ಪ್ರಶ್ನೆ

ವ್ಯಾನಿನ ಹಿಂಭಾಗದಲ್ಲಿ 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ ಅಳವಡಿಸುವ ಉದ್ದೇಶವಿದೆ. ಅದು ಓಡುವಾಗ ಸುಮಾರು 5 ಆಂಪಿಯರ್ ಎಳೆಯುತ್ತದೆ. ಮುಂಭಾಗದ ಬ್ಯಾಟರಿಯಿಂದ ಅಲ್ಲಿಗೆ ತಂತಿ ಸಾಗುವ ದಾರಿ 5 ಮೀಟರ್. ಇಷ್ಟು ಕರೆಂಟಿಗೆ 1 ಚದರ ಮಿ.ಮೀ. ತಂತಿ ಧಾರಾಳವಾಗಿ ಸಾಕೆಂದು ಪಟ್ಟಿಗಳಲ್ಲಿದೆ, ಆದರೆ ಬಲ್ಲವರು 4 ಚದರ ಮಿ.ಮೀ. ಹಾಕಲು ಹೇಳುತ್ತಾರೆ. ಇಷ್ಟೊಂದು ಅಂತರ ಏಕೆ? ಫ್ಯೂಸನ್ನು ಯಾವ ಲೆಕ್ಕದಲ್ಲಿ ಆರಿಸಬೇಕು?

ಉತ್ತರ 1

ನೀವು ನೋಡಿದ ಪಟ್ಟಿಯಲ್ಲಿರುವುದು ತಂತಿ ಅತಿಯಾಗಿ ಬಿಸಿಯಾಗದಿರುವ ಮಿತಿ ಮಾತ್ರ. 12 ವೋಲ್ಟ್‌ನಲ್ಲಿ, ಅದರಲ್ಲೂ ತಂತಿ ಉದ್ದವಾಗಿದ್ದಾಗ, ಆ ಮಿತಿಯನ್ನು ಮುಟ್ಟುವ ಮೊದಲೇ ವೋಲ್ಟೇಜ್ ಕುಸಿತ (ತಂತಿಯಲ್ಲೇ ಕಳೆದುಹೋಗಿ ಫ್ರಿಜ್‌ಗೆ ತಲುಪದ ವೋಲ್ಟೇಜ್) ತೊಂದರೆ ಕೊಡುತ್ತದೆ. ಕರೆಂಟು ಹೋಗಿ ಮರಳಬೇಕಾದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ಉದ್ದ 10 ಮೀಟರ್. ಅದನ್ನು ಆಂಪಿಯರ್‌ನಿಂದಲೂ ತಾಮ್ರದ ರೋಧತೆಯಾದ (1 ಚದರ ಮಿ.ಮೀ. ದಪ್ಪದ 1 ಮೀಟರ್ ತಂತಿಯ ರೋಧ, ಓಮ್‌ಗಳಲ್ಲಿ) 0.0175ರಿಂದಲೂ ಗುಣಿಸಿ, ಚದರ ಮಿ.ಮೀ.ಯಿಂದ ಭಾಗಿಸಿದರೆ ಕುಸಿತ ಸಿಗುತ್ತದೆ: 1 ಚದರ ಮಿ.ಮೀ.ಗೆ ಸುಮಾರು 0.88 ವೋಲ್ಟ್, 2.5ಕ್ಕೆ 0.35, 4ಕ್ಕೆ 0.22.

ಸಾಮಾನ್ಯವಾಗಿ ಇಟ್ಟುಕೊಳ್ಳುವ ಶೇ. 3ರ ಮಿತಿ ಎಂದರೆ 0.36 ವೋಲ್ಟ್, 2.5 ಅದರೊಳಗೆ ಕಷ್ಟಪಟ್ಟು ನಿಲ್ಲುತ್ತದೆ. ಆದರೆ ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ಕರೆಂಟು ಏರುತ್ತದೆ, ತಂತಿ ಬಿಸಿಯಾದಂತೆ ತಾಮ್ರದ ರೋಧವೂ ಹೆಚ್ಚುತ್ತದೆ (20 ಡಿಗ್ರಿಗಿಂತ 70 ಡಿಗ್ರಿಯಲ್ಲಿ ಸುಮಾರು ಶೇ. 20ರಷ್ಟು), ಮತ್ತು ಬ್ಯಾಟರಿ ಅರ್ಧ ಖಾಲಿಯಾಗಿರುವಾಗ ಫ್ರಿಜ್‌ನ ಕಡಿಮೆ-ವೋಲ್ಟೇಜ್ ರಕ್ಷಣೆ ಅದನ್ನು ಬೇಗನೆ ನಿಲ್ಲಿಸಿಬಿಡುತ್ತದೆ. ಆದ್ದರಿಂದ ನನ್ನ ಮತವೂ 4ಕ್ಕೇ.

ಉತ್ತರ 2

ಫ್ಯೂಸ್ ಇರುವುದು ತಂತಿಯ ರಕ್ಷಣೆಗೆ. ಅದರ ಮೌಲ್ಯ ಫ್ರಿಜ್ ಎಳೆಯುವ ಕರೆಂಟಿಗಿಂತ ಹೆಚ್ಚೂ, ಆ ದಾರಿಯ ಅತ್ಯಂತ ತೆಳುವಾದ ತಂತಿ ಹೊರಬಲ್ಲ ಕರೆಂಟಿಗಿಂತ ಕಡಿಮೆಯೂ ಆಗಿರಬೇಕು; ನಿಮಗೆ 10 ಅಥವಾ 15 ಆಂಪಿಯರ್ ಸಾಕು. ಅದನ್ನು ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿಡಿ, ಏಕೆಂದರೆ ಫ್ಯೂಸಿಗೂ ಬ್ಯಾಟರಿಗೂ ನಡುವಿನ ತುಂಡು ಶಾರ್ಟ್ ಆದರೆ ತಡೆಯುವವರೇ ಇಲ್ಲ.

ಉತ್ತರ 3

ಕೊಳ್ಳುವಾಗ ಹೊದಿಕೆಯ ದಪ್ಪ ನೋಡಿ ಮೋಸಹೋಗಬೇಡಿ. ಎಳೆಗಳನ್ನು ಎಣಿಸಿ, ಒಂದರ ವ್ಯಾಸ ಅಳೆದರೆ ನಿಜ ತಿಳಿಯುತ್ತದೆ: 0.25 ಮಿ.ಮೀ.ಯ 50 ಎಳೆಗಳಿದ್ದರೆ ಅದು 2.5 ಚದರ ಮಿ.ಮೀ. ತಂತಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ರೋಧ ಶುದ್ಧ ತಾಮ್ರದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಅಗ್ಗವೆಂದು ಅದನ್ನು ತಂದರೆ ಮೇಲಿನ ಲೆಕ್ಕವೆಲ್ಲ ಕೆಡುತ್ತದೆ. ತಂತಿಯ ದಪ್ಪ ಹೇಳುವ ಅಮೆರಿಕನ್ ಪದ್ಧತಿಯಾದ ಎಡಬ್ಲ್ಯುಜಿ ಅಳತೆಯಲ್ಲಿ ಸಂಖ್ಯೆ ಇಳಿದಂತೆ ತಂತಿ ದಪ್ಪವಾಗುತ್ತದೆ. 12 ಎಂದರೆ 3.3 ಚದರ ಮಿ.ಮೀ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಮರಳುವ ದಾರಿಗೆ ವಾಹನದ ಬಾಡಿಯನ್ನೇ ಬಳಸಿದರೆ ಕುಸಿತ ಅರ್ಧಕ್ಕಿಳಿಯುವುದಿಲ್ಲವೇ?

ಉತ್ತರ 1

ಬಹುಮಟ್ಟಿಗೆ ಇಳಿಯುತ್ತದೆ, ಜೋಡಣೆ ಗಟ್ಟಿಯಾಗಿರುವವರೆಗೆ. ಬಣ್ಣ ಕೆರೆಯದೆ ಬಿಗಿದ ಅಥವಾ ತುಕ್ಕು ಹಿಡಿದ ಒಂದು ಬೋಲ್ಟ್, ಉಳಿಸಿದ್ದನ್ನೆಲ್ಲ ನುಂಗಬಲ್ಲದು; ಹಾಗಾಗಿ ಈ ಉದ್ದಕ್ಕೆ ನಾನು ಎರಡೂ ತಂತಿಗಳನ್ನು ಎಳೆಯುತ್ತೇನೆ. ಕೆಲಸ ಮುಗಿದ ಮೇಲೆ ಫ್ರಿಜ್ ಓಡುತ್ತಿರುವಾಗಲೇ ಬ್ಯಾಟರಿಯ ತುದಿಯಲ್ಲೂ ಫ್ರಿಜ್‌ನ ತುದಿಯಲ್ಲೂ ವೋಲ್ಟೇಜ್ ಅಳೆಯಿರಿ. 4 ಚದರ ಮಿ.ಮೀ. ಹಾಕಿಯೂ ವ್ಯತ್ಯಾಸ ಅರ್ಧ ವೋಲ್ಟ್ ಬಂದರೆ ತಂತಿಯನ್ನು ಬಿಟ್ಟು ಕ್ರಿಂಪ್ (ತಂತಿಯ ತುದಿಗೆ ಒತ್ತಿ ಕೂರಿಸಿದ ಲೋಹದ ಜೋಡಣೆ), ಫ್ಯೂಸ್ ಹೋಲ್ಡರ್ ಮತ್ತು ಸಾಕೆಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ.